ಗಂಗಕ್ಕ ಕೂಡಿಸಿಕೊಟ್ಟ ಚಿತ್ರ

ಪಲ್ಲವಿ, ಬಸು,

ಗಂಗಕ್ಕ ನಿಮಗೆ ನೆನಪಿದ್ದರೆ ಮೊದಲು ಅವರ ಬಲಗೈ ನೆನಪಾಗಬೇಕು. ಯಾರ ಮನೆಯಲ್ಲೇ ಟೀವಿ ಹಚ್ಚಿರಲಿ, ಅದರ ಮುಂದೆ ನಿಂತು ಐದೂ ಬೆರಳು ಅಗಲಿಸಿ ಬೀಸಣಿಗೆಯಂತೆ ಆಡಿಸುತ್ತಿದ್ದರು. ಬೆರಳ ಸಂದಿಯಲ್ಲಿ ಬೆಳಕು ಮಿಣಮಿಣ ಒಡೆದು ಬರುತ್ತಿತ್ತು, ಚಿತ್ರ ಎಷ್ಟು ಮಿಣುಕುತ್ತಿದೆ ಎಂದು ತಿಳಿಯುವ ಅವರ ರೀತಿ ಅದು. ನಾಡಿ ಹಿಡಿದವರ ಹಾಗೆ ನೋಡಿ, "ಆರಾಮ ಐತಿ" ಎಂದೋ, "ಸುಸ್ತಾಗೈತಿ, ಸ್ವಲ್ಪ ಬಿಡುವು ಕೊಡ್ರಿ" ಎಂದೋ ಹೇಳಿ ಕೂಡುತ್ತಿದ್ದರು. ನೀವಿಬ್ಬರೂ ಅವರ ಹಿಂದೆ ನಿಂತು ಹಾಗೇ ಕೈ ಆಡಿಸಿ ನಗುತ್ತಿದ್ದಿರಿ. ಅವರಿಗೆ ಗೊತ್ತಿತ್ತು. ಟೀವಿಯ ಗಾಜಿನಲ್ಲಿ ನಿಮ್ಮ ನೆರಳು ಕಾಣುತ್ತಿತ್ತು.

ಅದು ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಕುಷಾಯಿಗೂಡದಲ್ಲಿ ನಾವು ಮೇಲಿನ ಮನೆಯಲ್ಲಿದ್ದೆವು, ಗಂಗಕ್ಕ ಕೆಳಗೆ ಒಬ್ಬರೇ ಇದ್ದರು. ಗದಗಿನ ಕಡೆಯವರು, ಮದುವೆಯಾಗಿರಲಿಲ್ಲ. ಹತ್ತಿರದ ಸರಕಾರಿ ಕಾರ್ಖಾನೆಯಲ್ಲಿ ಟೀವಿ ತಯಾರಾಗುತ್ತಿದ್ದಾಗ ಕತ್ತಲ ಕೋಣೆಯಲ್ಲಿ ಕೂತು ಚಿತ್ರ ಸರಿಯಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಕೊನೆಗೆ ಕಂಪ್ಯೂಟರಿನ ಮಾನಿಟರುಗಳನ್ನೂ ನೋಡಿದರು. ನಿವೃತ್ತರಾದ ಮೇಲೂ ಆ ಕೋಣೆ ಅವರ ಕಣ್ಣೊಳಗೇ ಉಳಿದಿತ್ತು. ಓಣಿಯ ಹೆಂಗಸರೆಲ್ಲ ಧಾರಾವಾಹಿಯ ಸೊಸೆಯ ಜೊತೆ ಅಳುತ್ತಿದ್ದರೆ, ಇವರು ಮಾತ್ರ "ಅಕಿ ಸೀರಿ ಕೆಂಪು ಭಾಳ ಆತು, ಕಲರ್ ಇಳಸ್ರಿ" ಎನ್ನುತ್ತಿದ್ದರು. "ನಿಮಗ ಕರುಳ ಇಲ್ಲೇನ್ರಿ ಅಕ್ಕಾರ?" ಎಂದರೆ, "ಅಳೂದು ಇದ್ದದ್ದ ಐತಿ. ಮೊದಲ ಸರಿಯಾಗಿ ನೋಡು" ಎಂದು ನಗುತ್ತಿದ್ದರು.

ನನಗೆ ಸರಿಯಾಗಿ ನೋಡುವುದೇ ಬರುತ್ತಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ಕೂತು ಕಲಿತವಳು ನಾನು. ನಿಮ್ಮ ಅಜ್ಜನೊಂದಿಗೆ ಅಷ್ಟು ಕಾಲ ಬಾಳಿದರೂ ನಾಲ್ಕು ಜನರ ಎದುರು ಅವರ ಮುಖ ನೋಡಿದವಳಲ್ಲ, ಹೆಸರು ಹೇಳಿದವಳಲ್ಲ. ಅವರು ಹೋದ ಮೇಲೆ ಉಳಿದದ್ದು ಗೋಡೆಯ ಫೋಟೋ. ಅದರಲ್ಲಿ ಅವರು ಸೆಟೆದುಕೊಂಡು ಕೂತಿದ್ದಾರೆ, ಬೇರೆ ಯಾರದೋ ಕೋಟು ತೊಟ್ಟವರ ಹಾಗೆ.

ಅವರು ನಡೆದಾಡುವುದು ಒಂದೇ ಕಡೆ ಇತ್ತು, ನಿಮ್ಮ ಗಿರಿಜತ್ತೆಯ ಮದುವೆಯ ವಿಡಿಯೋದಲ್ಲಿ. ಕ್ಯಾಸೆಟ್ಟಿಗೆ ಬೂಸಲು ಹಿಡಿಯತೊಡಗಿದಾಗ ನಿಮ್ಮ ಅಪ್ಪ ಅದನ್ನು ಪಡಸಾಲೆಯ ಕಂಪ್ಯೂಟರಿಗೆ ಹಾಕಿಸಿದ್ದ. ಅದರಲ್ಲಿ ಹೆಂಗಸರೆಲ್ಲ ಸೇರಿ "ಒಡಪು ಹೇಳು, ಹೆಸರು ಹೇಳಿ ಮುಂದ ಹೋಗು" ಎಂದು ನನ್ನನ್ನು ತಡೆಯುತ್ತಾರೆ. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸದ ಮಾತಿನಲ್ಲಿ ಕಟ್ಟಿ ಹೇಳಬೇಕು, ಅದೇ ಒಡಪು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದೇನೆ. ಅಷ್ಟರಲ್ಲಿ ಹಿಂದಿನಿಂದ ನಿಮ್ಮ ಅಜ್ಜ ಎರಡು ಕುರ್ಚಿ ಹೊತ್ತುಕೊಂಡು ಎಡದಿಂದ ಬಲಕ್ಕೆ ಹೋಗುತ್ತಾರೆ. ನಡುವೆ ತಿರುಗಿ ನನ್ನ ಕಡೆ ನೋಡಿ ನಗುತ್ತಾರೆ. ಮುಖ ಮುಚ್ಚಿಕೊಂಡಿದ್ದ ನನಗೆ ಆ ನಗು ಅಂದು ಕಂಡಿರಲಿಲ್ಲ.

ಮನೆಯಲ್ಲಿ ಯಾರೂ ಇಲ್ಲದ ಸೋಮವಾರದ ಮಧ್ಯಾಹ್ನ ಅದನ್ನು ನೋಡುತ್ತಿದ್ದೆ. ದಿನವೂ ನೋಡಲು ಅಂಜಿಕೆ. ಸೀರೆ ಒಗೆದಷ್ಟೂ ಬಣ್ಣ ಬಿಡುವುದಿಲ್ಲವೇ? ಹಾಗೆ ಅವರೂ ನೋಡಿದಷ್ಟೂ ಸವೆಯುತ್ತಾರೆಂದು ನಂಬಿದ್ದೆ.

ಒಂದು ಸೋಮವಾರ ಅವರು ಹರಿದರು. ಕುರ್ಚಿ ಹೊತ್ತು ಬರುವಾಗ ಕುತ್ತಿಗೆಯ ಹತ್ತಿರ ಅಡ್ಡಗೆರೆಯೊಂದು ಮೂಡಿತು. ಮೈ ಮುಂದೆ ಹೋಯಿತು, ಮುಖ ಹಿಂದೆ ಉಳಿಯಿತು. ನಗುವ ಹೊತ್ತಿಗೆ ಗೆರೆ ತುಟಿಯ ಮೇಲೇ ಬಂದಿತ್ತು. ನಾನೇ ನೋಡಿ ನೋಡಿ ಹರಿದೆನೆಂದು ಕಂಪ್ಯೂಟರ್ ಬಂದ್ ಮಾಡಿದೆ. ಮಗನಿಗೆ ಹೇಳೋಣವೆಂದರೆ ನಾಚಿಕೆ. "ನಿನ್ನ ಅಪ್ಪನನ್ನು ನಾನು ಕದ್ದು ನೋಡುತ್ತೇನೆ" ಎಂದು ಮಗನಿಗೆ ಹೇಗೆ ಹೇಳಲಿ? ನೋಡುವುದನ್ನೇ ಬಿಟ್ಟೆ.

ಕೆಲವು ವಾರಗಳ ನಂತರ ಹೋಳಿಗೆ ಕೊಟ್ಟಿದ್ದ ಡಬ್ಬಿ ವಾಪಸು ತರಲು ಕೆಳಗೆ ಹೋದಾಗ ಗಂಗಕ್ಕ ಕೇಳಿದರು: "ಯಾಕ ನೀಲವ್ವ, ಸೋಮವಾರ ಮ್ಯಾಲಿಂದ ಮದುವಿ ವಾಲಗ ಕೇಳಸವಲ್ದು?"

ನನ್ನ ಗುಟ್ಟು ವಾಲಗದ ಜೊತೆ ಅವರ ಮನೆಗೆ ಇಳಿದುಹೋಗಿತ್ತು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು, "ನಡಿ, ನೋಡೂಣು" ಎಂದರು.

ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಮಾನಿಟರಿನ ಮುಂದೆ ಕೂತು ಬೆರಳು ಆಡಿಸಿದರು. ಆಮೇಲೆ ಕೈ ಮಡಿಲಲ್ಲಿ ಇಟ್ಟುಕೊಂಡು, "ಎಲ್ಲಿ ಹರದೈತಿ, ನೀನ ಹೇಳು" ಎಂದರು.

"ನೀವ ನೋಡ್ರಿ ಅಕ್ಕಾರ, ನನಗೇನ್ ತಿಳೀತೈತಿ?"

"ನಿನಗ ತಿಳಿದಷ್ಟು ಯಾರಿಗೂ ತಿಳಿಯೂದಿಲ್ಲ. ಹೇಳು."

ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ಪಕ್ಕದಲ್ಲಿಟ್ಟ ಚಹಾದ ಕಪ್ಪಿಗೆ ಅವರು ತಡಕಾಡಿದಾಗ ಅವರಿಗೆ ಸರಿಯಾಗಿ ಕಾಣುತ್ತಿಲ್ಲವೆಂದು ತಿಳಿಯಿತು. "ಹಳೇ ಟೀವಿ ಬಂದ್ ಮಾಡಿದ್ರ ಚಿತ್ರ ಸಣ್ಣದಾಗಿ ನಡುವ ಚುಕ್ಕಿ ಆಗತಿತ್ತಲ್ಲ, ನನ್ನ ಕಣ್ಣಿಗೂ ಹಂಗ ಆಗಾಕತ್ತೈತಿ" ಎಂದರು, ನೆರೆಮನೆಯ ಟೀವಿಯ ಸುದ್ದಿ ಹೇಳುವಂತೆ. "ಅದಿರಲಿ. ಎಲ್ಲಿ ಗೆರಿ?"

"ಕುತಗಿ ಮ್ಯಾಲ. ಈಗ ಗದ್ದದ ಮ್ಯಾಲ. ಕುಣೀತೈತ್ರಿ."

"ನಿಲ್ಲಸು. ಈಗ?"

ನಿಲ್ಲಿಸಿದೆ. "ಈಗ... ಇಲ್ರಿ. ಅಖಂಡ ಅದಾರ."

"ನಿಂತಾಗ ಅಖಂಡ, ನಡದಾಗ ಹರೀತಾರ. ಚಲೋ ಆತು. ಇನ್ನ, ಬ್ಯಾರೆ ಯಾವದರ ಕಿಟಕಿ ತಗದು ಮೌಸಿನಿಂದ ಹಿಡಕೊಂಡು ಅತ್ಲಾಗ ಇತ್ಲಾಗ ಜೋರ್ ಎಳದಾಡು."

ಎಳೆದಾಡಿದೆ. ಅದರ ನೆಟ್ಟಗಿನ ಅಂಚೂ ನಡುವೆ ಕಡಿದು ಜರುಗಿತು.

"ಅದೂ ಹರೀತೈತ್ರಿ!"

"ನೋಡು ಮತ್ತ. ವಿಡಿಯೋಕ ಏನೂ ಆಗಿಲ್ಲ. ಹುಚ್ಚಿ, ಕಂಪ್ಯೂಟರಿನಾಗಿನ ಮನಿಷ್ಯಾ ನೋಡಿದ್ರ ಸವೀತಾನೇನು?"

ನಾನು ಅತ್ತುಬಿಟ್ಟೆ. ನಾನು ಮುಗಿಸುವವರೆಗೆ ಅವರು ಚಹಾ ಕುಡಿದರು. ಆಮೇಲೆ ತಿಳಿಸಿ ಹೇಳಿದರು. ಮಾನಿಟರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುತ್ತದೆ. ಅರ್ಧ ಬರೆದಿರುವಾಗಲೇ ಕಂಪ್ಯೂಟರು ಮುಂದಿನ ಚಿತ್ರ ಕೊಟ್ಟರೆ ಮೇಲೆ ಹಳೆಯದು, ಕೆಳಗೆ ಹೊಸದು. "ಹಂಚಿನ ಮ್ಯಾಲಿನ ರೊಟ್ಟಿ ಇಳಸೂದರಾಗ ಇನ್ನೊಂದು ಬಡದು ಹಾಕಿದಂಗ. ಕೊಡಾಂವಗ ಅವಸರ ಭಾಳ ಐತಿ. ಕಾಯಾಕ ಹೇಳೂಣು."

ಮೊದಲು ತಂತಿ ಬಿಗಿ ಮಾಡಿಸಿದರು, ಏನೂ ಬದಲಾಗಲಿಲ್ಲ. ಆಮೇಲೆ ಸೆಟ್ಟಿಂಗ್ಸ್ ತೆಗೆಸಿದರು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾ ಹೋದೆ, ಅವರು ಕಣ್ಣು ಮುಚ್ಚಿ "ಮುಂದ, ಮುಂದ" ಎನ್ನುತ್ತಿದ್ದರು. "ವರ್ಟಿಕಲ್ ಸಿಂಕ್" ಎಂದಾಗ "ನಿಲ್ಲು" ಎಂದರು. ಅದರ ಎದುರಿಗೆ ಆಫ್ ಎಂದಿತ್ತು.

"ಕೊಡಾಂವಗ ಕಾಯಾಕ ಹೇಳೂದು ಇದ. ಇದನ್ನ ಬೇಕಂತ ಬಂದ್ ಮಾಡ್ಯಾರ. ನಿಮ್ಮನ್ಯಾಗ ಕಾರ್ ಓಡಸವರು ಯಾರು?"

ಪಲ್ಲವಿ, ಅದು ಕಂಪ್ಯೂಟರಿನಲ್ಲಿ ನೀನು ಆಡುತ್ತಿದ್ದ ಕಾರ್ ರೇಸಿನ ಆಟ. ಕಾರು ಜೋರಾಗಿ ಓಡಲೆಂದು ನೀನು ಯಾರನ್ನೋ ಕೇಳಿ ಆಫ್ ಮಾಡಿದ್ದೆ.

ನಾನು ಆನ್ ಮಾಡಿದೆ. ವಿಡಿಯೋ ಹಚ್ಚಿದೆ. ಹೆಂಗಸರು ನನ್ನನ್ನು ತಡೆದರು, ನಾನು ಮುಖ ಮುಚ್ಚಿಕೊಂಡೆ. ಅವರು ಬಂದರು. ಕುರ್ಚಿ, ಭುಜ, ಕುತ್ತಿಗೆ, ಮುಖ, ಎಲ್ಲ ಒಟ್ಟಿಗೇ ಬಂದವು, ಹೊಳೆಯಲ್ಲಿ ದೀಪ ತೇಲಿ ಬಂದ ಹಾಗೆ. ತಿರುಗಿದರು. ನಕ್ಕರು.

"ಏನಾತು?" ಎಂದರು ಗಂಗಕ್ಕ.

"ದಾಟಿದ್ರು."

"ಯಾರು?"

"ಅವರು."

"ಅವರು ಅಂದ್ರ? ನನಗೇನು ಕಾಣತೈತೇನು? ಹೆಸರು ಹೇಳಬೇಕು."

ವಿಡಿಯೋದ ಹೆಂಗಸರೂ ಆಗ ಅದನ್ನೇ ಕೂಗುತ್ತಿದ್ದರು. ನಾನು ವಿಧವೆ, ನನಗೆಂಥ ಒಡಪು? ಆದರೂ ಎದುರಿಗಿದ್ದವರಿಗೆ ಕಾಣುವುದಿಲ್ಲ, ನಾನು ಹೇಳದಿದ್ದರೆ ಅವರ ಪಾಲಿಗೆ ಯಾರೂ ದಾಟಿದಂತೆಯೇ ಆಗುವುದಿಲ್ಲ. ಬಾಯಿ ತಾನಾಗಿಯೇ ತೆರೆಯಿತು:

"ಹರಿದ ಚಿತ್ರ ಕೂಡಿಸ್ಯಾರ ಗಂಗಕ್ಕ ಬಂದು,
ಕುರ್ಚಿ ಹೊತ್ತು ನಗಕೋತ ಹೊಂಟಾರ ಶಿವಲಿಂಗಪ್ಪನವರು ಇಂದು."

ಗಂಗಕ್ಕ ಮಾನಿಟರಿನ ಕಡೆ ತಿರುಗಿ, "ಕೇಳಿದ್ರೇನ್ರೀ ಶಿವಲಿಂಗಪ್ಪನವರ? ಎಷ್ಟ್ ತಡಾ ಮಾಡಿದ್ಳು ನೋಡ್ರಿ" ಎಂದರು.

ಆ ಸಂಜೆ ಪಲ್ಲವಿ, ನೀನು "ಅಜ್ಜೀ, ನನ್ನ ಕಾರು ಎತ್ತಿನ ಬಂಡಿ ಆಗೈತಿ!" ಎಂದು ಮನೆ ತಲೆಯ ಮೇಲೆ ಹೊತ್ತೆ. ಗಂಗಕ್ಕ ಕೆಳಗಿನಿಂದಲೇ ಪಂಚಾಯಿತಿ ಮಾಡಿದರು: "ಸೋಮವಾರ ಅಜ್ಜೀದು, ಉಳಿದದ್ದೆಲ್ಲ ನಿಂದು." ಅಂದಿನಿಂದ ಸೋಮವಾರ ಶಾಲೆಗೆ ಹೋಗುವ ಮೊದಲು ನೀನೇ ಅದನ್ನು ಆನ್ ಮಾಡಿ ಹೋಗುತ್ತಿದ್ದೆ. ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದುದಕ್ಕೆ ಇದು ಉತ್ತರ.

ಮುಂದೆ ಗಂಗಕ್ಕನವರನ್ನು ತಮ್ಮನ ಮಗಳು ತಾರ್ನಾಕದ ತನ್ನ ಮನೆಗೆ ಕರೆದುಕೊಂಡು ಹೋದಳು. ಕಡೆಯ ಸಲ ನಾನು ಹೋದಾಗ ಕಿಟಕಿಯ ಹತ್ತಿರ ಕೂತಿದ್ದರು. ಅವರ ಕಣ್ಣಿನ ಆ ಚುಕ್ಕಿಯೂ ಆರಿತ್ತು. ಬಿಸಿಲಿಗೆ ಬೆರಳು ಅಗಲಿಸಿ ಆಡಿಸುತ್ತಿದ್ದರು. "ಬಿಸಲು ಬೆಚ್ಚಗ, ನೆರಳು ತಣ್ಣಗ, ಬ್ಯಾರೆ ಬ್ಯಾರೆ ತಿಳೀತೈತಿ" ಎಂದರು. ಹೊರಗೆ ಏನು ಕಾಣುತ್ತದೆ ಹೇಳು ಎಂದರು. ಬೇವಿನ ಮರ, ಅದರ ಕೆಳಗೆ ಪುಸ್ತಕ ಓದುತ್ತಾ ನಿದ್ದೆ ಹೋದ ಹುಡುಗಿ, ತಂತಿಯ ಮೇಲೆ ಒಣಗುವ ಹಳದಿ ಸೀರೆ, ಎಲ್ಲ ಹೇಳಿದೆ. ಗಾಳಿಗೆ ಸೀರೆ ಹಾರಿತು, ಅದನ್ನೂ ಹೇಳಿದೆ.

"ಹರಿಯಲಿಲ್ಲಲ್ಲ?"

"ಇಲ್ರಿ. ಅಖಂಡ ಐತಿ."

"ಚಲೋ ನೋಡಾಕ ಕಲತಿ" ಎಂದು ನನ್ನ ಕೈ ಹಿಡಿದುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದ ಸುದ್ದಿ ಬಂತು.

ಆಯುಷ್ಯವೆಲ್ಲ ಊರವರ ಚಿತ್ರ ನೋಡಿದ ಗಂಗಕ್ಕ ಯಾವ ವಿಡಿಯೋದಲ್ಲೂ ಇಲ್ಲ. ನಾನು ಹುಡುಕಿದೆ, ಅವರ ತಮ್ಮನ ಮಗಳೂ ಹುಡುಕಿದಳು. ಅವರು ಗೋಡೆ ಹಿಡಿದು ಮೆಟ್ಟಿಲು ಹತ್ತುವುದು, ಬೆರಳು ಆಡಿಸುವುದು, ಚಹಾಕ್ಕೆ ತಡಕಾಡುವುದು ಈ ಹಾಳೆಗಳಲ್ಲಿ ಮಾತ್ರ ಇದೆ. ಮಕ್ಕಳೇ, ಇವನ್ನು ನನ್ನ ಇಳಕಲ್ ಸೀರೆಯ ಮಡಿಕೆಯಲ್ಲಿ, ನೀರು ಇಳಿಯದ ಕಡೆ ಇಡಿ. ಬೇಕಾದಾಗಲೆಲ್ಲ ತೆಗೆದು ಓದಿ, ಓದಿದರೆ ಸವೆಯುವುದಿಲ್ಲ. ಹರಿಯದ ಹಾಗೆ ಮಾತ್ರ ನೋಡಿಕೊಳ್ಳಿ.