ರಾಕೆಟ್ಟಿಗೊಂದು ತಗಡಿನ ಡಬ್ಬಿ

ಮಳೆ ಮೋಡ ಹುಡುಕುವ ಹವಾಮಾನ ರಾಡಾರು ಸದಾ ಆಕಾಶಕ್ಕೆ ರೇಡಿಯೊ ಅಲೆ ಬಿಡುತ್ತಲೇ ಇರುತ್ತದೆ. ನಮ್ಮ ಕಾಲೇಜಿನ ಪುಟ್ಟ ರಾಕೆಟ್ಟಿನಲ್ಲಿ ಆ ಅಲೆ ಹಿಡಿಯುವ ಉಪಕರಣ ಕೂರಿಸುವುದು ನನ್ನ ಮತ್ತು ನನ್ನ ಗೆಳತಿಯ ಪಾಲಿನ ಕೆಲಸ. ನಾನು ಮಧುಗಿರಿಯವಳು, ಅವಳು ಶಿರಾದವಳು. ಉಪಕರಣಕ್ಕೆ ಡಬ್ಬಿ ಬೇಕೆಂದಾಗ ಇಬ್ಬರಿಗೂ ನೆನಪಾದದ್ದು ಅವಳ ಅಪ್ಪ. ಶಿರಾದಲ್ಲಿ ಟ್ರಂಕು ಮಾಡಿ ಮಾರುತ್ತಾರೆ.

"ಧೂಳು ಕೂಡ ಒಳಗೆ ಹೋಗಬಾರ್ದು ಚಾಚಾ" ಎಂದು ನಾನೇ ದೊಡ್ಡ ಇಂಜಿನಿಯರ್ ಥರ ಅಪ್ಪಣೆ ಕೊಟ್ಟಿದ್ದೆ. ಅವರು ಅಲ್ಯೂಮಿನಿಯಂ ತಗಡು ಮಡಚಿ, ಮೂಲೆಗಳಿಗೆ ರಿವೆಟ್ ಬಡಿದು, ಮುಚ್ಚಳ ಟಕ್ಕೆಂದು ಕೂರುವಂತೆ ಮಾಡಿಕೊಟ್ಟರು. ಅಂಗಡಿಗೆ ಬಂದವರಿಗೆಲ್ಲ "ನಮ್ದು ಡಬ್ಬಿ ರಾಕೆಟ್‌ನಾಗೆ ಹೋಗ್ತದೆ" ಎಂದು ಹೇಳಿಯೂ ಆಗಿತ್ತು.

ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಡಬ್ಬಿಯೊಳಗಿಟ್ಟ ಉಪಕರಣ ಪರೀಕ್ಷಿಸಲು ಸಿದ್ದರಬೆಟ್ಟಕ್ಕೆ ಹೋಗಿ ಮೇಲಿನ ಬಂಡೆ ಹತ್ತಿದೆವು. ಹಿಂದಿನ ಸಲ ಅದೇ ಬಂಡೆಯ ಮೇಲೆ, ಡಬ್ಬಿಯಿಲ್ಲದ ಉಪಕರಣಕ್ಕೆ ದೂರದ ರಾಡಾರು ಚೆನ್ನಾಗಿಯೇ ಸಿಕ್ಕಿತ್ತು. ಈಗ ಲ್ಯಾಪ್‌ಟಾಪಿನಲ್ಲಿ ಅಲೆ ತೋರಿಸುವ ಗೆರೆ ಮಲಗಿಬಿಟ್ಟಿತ್ತು. ಬ್ಯಾಟರಿಗೆ ಬೈದೆ, ತಂತಿಗೆ ಬೈದೆ, ಗೆಳತಿಗೂ ಬೈದೆ. ಅವಳು ಸುಮ್ಮನೆ ಮುಚ್ಚಳ ತೆಗೆದಳು. ಗೆರೆ ಎದ್ದಿತು. ಮುಚ್ಚಿದಳು, ಮಲಗಿತು. ತಗಡು ರೇಡಿಯೊ ಅಲೆಯನ್ನು ತಡೆಯುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವರು ನಾವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳ ಮುಖ ಬಾಡಿತು.

"ಪ್ಲಾಸ್ಟಿಕ್ ಡಬ್ಬಿ ಹಾಕ್ಬುಡಾಣ. ಅಬ್ಬಾಗೆ ಮಾತ್ರ ಹೇಳ್ಬೇಡ ಕಣೇ. ಬೀದಿಗೆಲ್ಲ ಹೇಳ್ಕಂಡವ್ರೆ."

"ಅವ್ರಿಗೆ ಸುಳ್ಳು ಹೇಳಕ್ಕೆ ನನ್ ಕೈಲಾಗಲ್ಲ" ಎಂದು ರೇಗಿದೆ. ರೇಗಿದ್ದು ಭಯಕ್ಕೆ. ಅಷ್ಟು ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ಯಾವ ಬಾಯಲ್ಲಿ ಬೇಡವೆನ್ನುವುದು?

ಮರುದಿನ ಅಂಗಡಿಯಲ್ಲಿ ನಾನೇ ಹೇಳಿದೆ. ಚಾಚಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗಳು ನೆಲ ನೋಡುತ್ತ ನಿಂತಿದ್ದಳು.

"ಮುಚ್ಚಳ ತೆಗೆದ್ರೆ ಬರ್ತದಾ ಬೇಟಾ?"

"ಬರ್ತದೆ ಚಾಚಾ. ಮೇಲ್ಗಡೆ ತಗಡು ಇರಬಾರ್ದು ಅಷ್ಟೆ."

ಅವರು ಕತ್ತರಿ ತೆಗೆದುಕೊಂಡು ಮುಚ್ಚಳದ ನಡುವೆ ಚೌಕವಾಗಿ ಕತ್ತರಿಸಿದರು. ಅಂಚು ಕೈಗೆ ತರಚದಂತೆ ಮಡಚಿ, ಅಲ್ಲಿಗೆ ಪ್ಲಾಸ್ಟಿಕ್ ಹಾಳೆ ಕೂರಿಸಿದರು. ಅವರಿಗೆ ಬೇಜಾರಾಯಿತೇನೋ ಎಂದು ನೋಡುತ್ತ ಕೂತು, ಅವರೇ ತರಿಸಿಕೊಟ್ಟ ಚಹಾ ಆರಿಸಿಬಿಟ್ಟೆ.

ಪಾವಗಡದ ಕಡೆಯ ಬಯಲಿನಿಂದ ರಾಕೆಟ್ ಹಾರಿತು, ಪ್ಯಾರಾಚೂಟಿನಲ್ಲಿ ಇಳಿಯಿತು. ರಾಡಾರಿನ ಅಲೆಗಳು ಚೆನ್ನಾಗಿ ದಾಖಲಾಗಿದ್ದವು. ಡಬ್ಬಿ ಹಿಡಿದುಕೊಂಡು ಖುಷಿಯಲ್ಲಿ ಶಿರಾಕ್ಕೆ ಹೋದರೆ, ಅಂಗಡಿಯಲ್ಲಿ ಗಿರಾಕಿಯೊಬ್ಬರು ಟ್ರಂಕು ಗಟ್ಟಿಯಿದೆಯೇ ಎಂದು ಬಡಿದು ನೋಡುತ್ತಿದ್ದರು. ಚಾಚಾ ನಾವು ಬಂದದ್ದನ್ನು ಗಮನಿಸದೆ ಅವರಿಗೆ ಹೇಳುತ್ತಿದ್ದರು:

"ರಾಡಾರ್‌ಗೇ ನಮ್ದು ಡಬ್ಬಿ ಒಳಗೆ ಬರಾಕೆ ಆಗ್ಲಿಲ್ಲ ಸಾಮಿ. ಪಾಪ ಅಂತ ನಾನೇ ಕಿಟಕಿ ತೆಗ್ದುಕೊಟ್ಟೆ."