ಹೆವಿ ಲೈಸೆನ್ಸ್

ಶಾಲೆಯ ಚಿಕ್ಕ ವ್ಯಾನು ಓಡಿಸುತ್ತಿದ್ದ ಅವಳನ್ನು ಮಕ್ಕಳಿಂದ ಹಿಡಿದು ಹೆಡ್‌ಮಾಸ್ಟರ್‌ವರೆಗೆ ಎಲ್ಲರೂ ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಆಳು ಕಡ್ಡಿ ಪೈಲ್ವಾನ್. ಬೆನ್ನಿಗೆ ದಿಂಬು ಕೊಟ್ಟುಕೊಂಡರಷ್ಟೇ ಕಾಲು ಕ್ಲಚ್ಚಿಗೆ ಎಟಕುತ್ತಿತ್ತು.

ದೊಡ್ಡ ಬಸ್ಸಿನ ಡ್ರೈವರ್ ಕೆಲಸ ಬಿಡುತ್ತಾನೆಂದು ಕಿವಿಗೆ ಬಿದ್ದ ದಿನವೇ ಅವಳು ಹೆಡ್‌ಮಾಸ್ಟರ್ ಕೋಣೆಗೆ ಹೋದಳು.

“ಬಸ್ ನಾನೇ ಓಡಿಸ್ತೀನಿ ಸರ್.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹೆವಿ ಲೈಸೆನ್ಸ್ ಬೇಕಲ್ಲಮ್ಮಾ.”

“ಮಾಡಿಸ್ತೀನಿ.”

ಹೆವಿ ಅವಳಿಗೇನೂ ಹೊಸ ಮಾತಲ್ಲ. ಹೊಟ್ಟೆ ಬಿರಿಯ ಉಂಡರೆ ಹೆವಿ ಊಟ, ರಸ್ತೆ ಗಿಜಿಗುಟ್ಟಿದರೆ ಹೆವಿ ಟ್ರಾಫಿಕ್, ಮೈದುನ ಹೊಸ ಶೂ ಹಾಕಿಕೊಂಡು ಬಂದರೆ ಹೆವಿ ಸ್ಟೈಲು. ತೂಕಕ್ಕೂ ಅದೇ, ಜಾಸ್ತಿಗೂ ಅದೇ, ಜೋರಿಗೂ ಅದೇ. ಆದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, “ಹೆವಿ ಅಂದ್ರೆ ಭಾರ ಅಕ್ಕಾ, ನಿಮ್ಮ ಕೈಲಾಗೋದಲ್ಲ” ಎಂದಾಗ ಮಾತು ಚುಚ್ಚಿತು.

“ಆಗುತ್ತೋ ಇಲ್ವೋ, ಸೀಟಲ್ಲಿ ಕೂರಿಸಿ ನೋಡಿ.”

ಕೂರಿಸಿದರು. ದಿನವೂ ಬೆಳಗಿನ ಟ್ರಿಪ್ ಮುಗಿಸಿ ಬಂದು ಹಲ್ಲು ಕಚ್ಚಿ ಸ್ಟೀರಿಂಗ್ ಜೊತೆ ಗುದ್ದಾಡಿದಳು. ಟೆಸ್ಟಿನ ದಿನ ರಿವರ್ಸ್ ತೆಗೆಯುವಾಗ ಬಸ್ಸಿನ ಹಿಂಭಾಗ ಕಂಬಕ್ಕೆ ತಗುಲಿತು. ಫೇಲು.

ಮನೆಯಲ್ಲಿ ಅವಳ ಭುಜಕ್ಕೆ ಮುಲಾಮು ತಿಕ್ಕುತ್ತ ಅತ್ತೆ ಕೇಳಿದರು, “ಏನೇ ಅದು ಹೆವಿ ಅಂದ್ರೆ?”

“ಭಾರ ಅತ್ತೆ. ಬಸ್ಸು ಭಾರದ ಗಾಡಿ.”

“ಅದನ್ನ ನೀನು ಹೊತ್ಕೊಂಡು ಹೋಗ್ಬೇಕಾ? ಅದು ತಾನೇ ನಿನ್ನ ಹೊತ್ಕೊಂಡು ಹೋಗೋದು?”

ನೋವಿನಲ್ಲೂ ಅವಳಿಗೆ ನಗು ಬಂತು. ನಕ್ಕಳು, ಆದರೆ ಮಾತು ತಲೆಯೊಳಗೆ ಉಳಿಯಿತು. ಮಾರನೇ ದಿನ ಮೇಷ್ಟ್ರ ಮುಂದೆ ಹೋಗಿ ನಿಂತಳು.

“ಬಸ್ಸು ಭಾರ ಅಂತ ಗೊತ್ತಾಯ್ತು. ಭಾರದ ಗಾಡಿ ಹೇಗೆ ನಡ್ಕೊಳ್ಳುತ್ತೆ, ಅದನ್ನ ಹೇಳಿಕೊಡಿ.”

ಮೇಷ್ಟ್ರು ಅವತ್ತೇ ಮೊದಲ ಬಾರಿಗೆ ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದರು. “ಬೇಗ ಹೊರಡಲ್ಲ, ಬೇಗ ನಿಲ್ಲಲ್ಲ. ತಿರುಗೋಕೆ ಜಾಗ ಕೇಳುತ್ತೆ. ಕೊನೇ ಗಳಿಗೇಲಿ ಎಳೆದಾಡಿದ್ರೆ ಮಾತು ಕೇಳಲ್ಲ ಅಕ್ಕಾ, ಮೊದ್ಲೇ ಯೋಚ್ನೆ ಮಾಡ್ಬೇಕು. ನಿಂತಿರೋ ಗಾಡಿಯ ಸ್ಟೀರಿಂಗ್ ತಿರುಗಿಸ್ಬೇಡಿ, ಚಕ್ರ ಉರುಳೋಕೆ ಬಿಡಿ.”

ಅಂದಿನಿಂದ ಗುದ್ದಾಟ ಬಿಟ್ಟಳು. ತಿರುವು ಇನ್ನೂ ದೂರವಿರುವಾಗಲೇ ವೇಗ ಇಳಿಸುವುದು, ಕನ್ನಡಿಯಲ್ಲಿ ಹಿಂದಿನ ಚಕ್ರ ಎಲ್ಲಿದೆಯೆಂದು ನೋಡುವುದು, ಅವಸರ ಮಾಡದಿರುವುದು. ಭುಜದ ನೋವು ತಾನಾಗಿ ಇಳಿಯಿತು.

ಎರಡನೇ ಟೆಸ್ಟಿನಲ್ಲಿ ಏರಿನ ನಡುವೆ ಎಂಜಿನ್ ಆಫ್ ಆಯಿತು. ಅವಳು ಬ್ರೇಕ್ ಒತ್ತಿ ಹಿಡಿದು, ಉಸಿರು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿದಳು. ಗಾಡಿ ಒಂದಿಂಚೂ ಹಿಂದಕ್ಕೆ ಜಾರಲಿಲ್ಲ.

“ಕೈ ನಡುಗ್ತಿತ್ತಲ್ಲಮ್ಮಾ?” ಎಂದರು ಪರೀಕ್ಷೆ ಮಾಡುವ ಸಾಹೇಬರು.

“ನಡುಗ್ತು ಸರ್. ಕಾಲು ನಡುಗಲಿಲ್ಲ.”

ಪಾಸು.

ಶಾಲೆಯ ಬಸ್ಸು ಓಡಿಸಿದ ಮೊದಲ ಬೆಳಿಗ್ಗೆ ಒಬ್ಬ ತಂದೆ ಮಗಳನ್ನು ಮೆಟ್ಟಿಲಿಗೆ ಹತ್ತಿಸಿದವನು, ಸ್ಟೀರಿಂಗ್ ಹಿಂದೆ ಕೂತವಳನ್ನು ಕಂಡು ಮತ್ತೆ ಇಳಿಸಿಕೊಂಡ. “ಇವ್ರಾ ಓಡ್ಸೋದು?”

“ನಾನೇ. ನೀವೂ ಹತ್ತಿ, ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳೀರಂತೆ.”

ಆತ ಅನುಮಾನದಲ್ಲೇ ಮಗಳ ಜೊತೆ ಹತ್ತಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಮುಂದಿನ ಸ್ಟಾಪು ಬರುವಷ್ಟರಲ್ಲಿ ಮಗಳ ಪಕ್ಕ ಕೂತಿದ್ದ. ಇಳಿಯುವುದು ನೆನಪಾದಾಗ ಬಸ್ಸು ಶಾಲೆಯ ಗೇಟಿನೊಳಗಿತ್ತು.