ಬೂದಿ ಬಣ್ಣದ ಕಾಗೆ

ಕುವಾಬಾರಾ ತೆತ್ಸುಜಿಯವರು ವಿಮಾ ಕಂಪನಿಯಲ್ಲಿ ಮೂವತ್ತೆಂಟು ವರ್ಷ ಮೇಲಧಿಕಾರಿಗಳ ಮಾತಿಗೆಲ್ಲ ಹೂಂಗುಟ್ಟಿ ನಿವೃತ್ತರಾದರು. ಆಮೇಲೂ ಹೂಂಗುಟ್ಟಲು ಯಾರಾದರೂ ಬೇಕಲ್ಲ, ಒಸಾಕಾದ ಫೋಟೋ ಸಂಘ ಸೇರಿದರು. ಅಲ್ಲಿನ ಗುರು, ಎಲ್ಲರ ಬಾಯಲ್ಲಿ ಸೆನ್ಸೇ, ಕಪ್ಪು-ಬಿಳುಪು ಚಿತ್ರಗಳನ್ನು ಒರಟು ಕೈಕಾಗದದ ಮೇಲೆ ಮುದ್ರಿಸುವವರು. ಇಪ್ಪತ್ತೆರಡು ಮಂದಿ ಶಿಷ್ಯರದೂ ಅದೇ ಕಾಗದ, ಅದೇ ಶಾಯಿ.

ಮೂರು ವರ್ಷದಿಂದ ಕುವಾಬಾರಾ ಅವರ ಚಿತ್ರ ವಾರ್ಷಿಕ ಪ್ರದರ್ಶನದ ಗೋಡೆ ಕಂಡಿರಲಿಲ್ಲ. ಈ ಸಲ ಮಹಾಶಯರು ಆಯ್ಕೆಗೆ ಮೊದಲೇ ಹಳೆಯ ಸಹೋದ್ಯೋಗಿಗಳಿಗೆಲ್ಲ ಆಹ್ವಾನದ ಕಾರ್ಡು ಹಾಕಿಬಿಟ್ಟಿದ್ದರು. ಹಿಮ ಬಿದ್ದ ಗುಡಿಯ ಹೆಂಚಿನ ಮೇಲೆ ಕೂತ ಕಾಗೆ, ಅದೇ ಅವರ ಚಿತ್ರ.

ಕಾಗದದಂಗಡಿಯ ತೊಮೆಕೊ ಅದನ್ನು ಬೆಳಕಿಗೆ ಹಿಡಿದಳು.

"ಕುವಾಬಾರಾ ಸಾನ್, ಈ ಕಾಗೆಗೆ ಹುಷಾರಿಲ್ವಾ? ಒಲೆಯಿಂದ ಎದ್ದು ಬಂದಂಗಿದೆ."

"ಅದು ಮಂಜು. ಸೆನ್ಸೇ ಶೈಲಿ. ವ್ಯಾಪಾರದವ್ರಿಗೆ ಗೊತ್ತಾಗಲ್ಲ ಬಿಡಿ."

"ಮಂಜೂ ಇಲ್ಲ, ಮಣ್ಣೂ ಇಲ್ಲ. ನೀವು ಹಾಕಿರೋದು ಹೊಳಪು ಕಾಗದಕ್ಕೆ ಮಾಡಿರೋ ಕಪ್ಪು ಶಾಯಿ. ಈ ಒರಟು ಕಾಗದದ ಮೇಲೆ ಅದು ಬೂದಿಯಾಗತ್ತೆ. ಇದಕ್ಕೆ ಮ್ಯಾಟ್ ಕಪ್ಪು ಬೇಕು. ನಿಮ್ಮ ಸೆನ್ಸೇಗೂ ಶಾಯಿ ಕೊಡೋಳು ನಾನೇ. ಕಾಗದ ಬದಲಾಯಿಸಿದೋರು ಶಾಯಿ ಬದಲಾಯಿಸೋದು ಮರೆತ್ರು. ಹದಿನೈದು ವರ್ಷದಿಂದ ಆ ಮರೆವನ್ನೇ ನೀವೆಲ್ಲ ಶೈಲಿ ಅಂತಿದ್ದೀರ."

"ಹಾಗಾದ್ರೆ ಅವರಿಗೆ ಯಾರೂ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಾ?"

ಅವರು ಕೆಮ್ಮಿ, ಮ್ಯಾಟ್ ಶಾಯಿಯ ಬೆಲೆ ಕೇಳಿದರು.

ತೊಮೆಕೊ ಅಂಗಡಿಯ ಪ್ರಿಂಟರಿನಲ್ಲಿ ಸರಿಯಾದ ಶಾಯಿ ಹಾಕಿ ಇನ್ನೊಂದು ತೆಗೆದಳು. ಕಾಗೆ ಕಾಗದದಿಂದ ಎದ್ದು ಬರುವಂತಿತ್ತು. ಒದ್ದೆ ರೆಕ್ಕೆಯ ಒಂದೊಂದು ಗರಿಯೂ ಬೇರೆ ಬೇರೆ, ಹಿಮ ಕಣ್ಣು ಕುಕ್ಕುವಷ್ಟು ಬಿಳಿ. ಅರವತ್ತೇಳು ವರ್ಷಕ್ಕೆ ಮೊದಲ ಸಲ ತಮ್ಮದೆನ್ನುವ ವಸ್ತುವೊಂದನ್ನು ನೋಡಿದ ಕುವಾಬಾರಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಆಯ್ಕೆಯ ದಿನ ಎರಡೂ ಪ್ರತಿಗಳು ಚೀಲದಲ್ಲಿದ್ದವು. ಸಾಲಿನಲ್ಲಿ ಅವರಿಗಿಂತ ಮುಂದಿದ್ದ ಶಿಷ್ಯರೊಬ್ಬರ ಚಿತ್ರ ಕೊಂಚ ಗಾಢವಾಗಿತ್ತು.

"ಈ ಕಪ್ಪು ಕೂಗಾಡ್ತಿದೆ," ಎಂದರು ಸೆನ್ಸೇ, ಮುಖ ಸಿಂಡರಿಸಿ.

"ಹೌದೌದು, ಕಿವಿ ಮುಚ್ಕೋಬೇಕು!" ಎಂದಿತು ಶಿಷ್ಯವೃಂದ. ಎಲ್ಲರಿಗಿಂತ ಜೋರಾಗಿ ಕುವಾಬಾರಾ.

ಚೀಲಕ್ಕೆ ಹೋದ ಕೈ ಬೂದಿ ಕಾಗೆಯನ್ನೇ ಹಿಡಿದು ಬಂತು. "ಆಹಾ, ಮಂಜು!" ಎಂದರು ಸೆನ್ಸೇ. ಆಯ್ಕೆಯಾಯಿತು.

ಪ್ರದರ್ಶನಕ್ಕೆ ಹಳೆಯ ಸಹೋದ್ಯೋಗಿಗಳು ಬಂದರು, ಬಾಗಿ ವಂದಿಸಿದರು, ಹುರುಳಿಲ್ಲದ ನಾಲ್ಕು ಮಾತಾಡಿ ಹೋದರು. ಗೋಡೆಯುದ್ದಕ್ಕೂ ಒಂದೇ ಬೂದಿ. ಹೆಂಡತಿ ಸದಾಎ ಮಾತ್ರ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಅಭಿಮಾನದಿಂದ ಗಂಡನ ತೋಳು ಮುಟ್ಟಿದಳು.

"ಚೆನ್ನಾಗಿ ಬಂದಿದೆ ಕಣ್ರೀ, ನಿಮ್ಮ ಕಾಗೆ."

ಅದು ಪಕ್ಕದ ಶಿಷ್ಯರ ಚಿತ್ರ, ಒಂದು ದೋಣಿ.